ಮನೆ ಮುಂದೆ ಬಯಲಲ್ಲೇ ನಿಂತಿದೆಯಾ ಹಳೇ ಅಂಬಾಸಿಡರ್? ಮಳೆಗಾಲಕ್ಕೆ ಮೊದಲು ಈ ಕೆಲಸಗಳನ್ನು ಮುಗಿಸಿ

ತಾಲ್ಲೂಕಿನ ಊರುಗಳಲ್ಲಿ ಅಪ್ಪನ ಕಾಲದ ಅಂಬಾಸಿಡರ್, ಪದ್ಮಿನಿ, ಮಾರುತಿ 800 ಇಟ್ಟುಕೊಂಡವರು ಈಗಲೂ ಇದ್ದಾರೆ. ಮಾರೋಕೆ ಮನಸ್ಸಿಲ್ಲ, ನಿಲ್ಲಿಸೋಕೆ ಶೆಡ್ ಇಲ್ಲ. ಅಂಗಳದ ಮೂಲೆಯಲ್ಲೋ ಅಂಗಡಿ ಪಕ್ಕದಲ್ಲೋ ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತಿರುತ್ತವೆ. ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾಡಾ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿತು. ಮಾರುತಿ 800 ಉತ್ಪಾದನೆ ನಿಂತಿದ್ದೂ ಅದೇ ವರ್ಷ. ಎಂಜಿನ್ ಹೇಗಾದರೂ ರಿಪೇರಿ ಆಗುತ್ತೆ, ಆದರೆ ಬಾಡಿ ತುಕ್ಕು ಹಿಡಿದು ತೂತಾದರೆ ಗಾಡಿ ಗುಜರಿಗೇ. ಶೆಡ್ ಇಲ್ಲದೆಯೂ ಕಾರನ್ನು ಉಳಿಸಿಕೊಳ್ಳೋದು ಹೇಗೆ ಅನ್ನೋ ಮಾಹಿತಿ ಇಲ್ಲಿದೆ.

ಮೊದಲು ಜಾಗ ನೋಡಿ

ಹುಲ್ಲು, ಹಸಿ ಮಣ್ಣಿನ ಮೇಲೆ ಕಾರು ನಿಲ್ಲಿಸಬೇಡಿ. ಮಳೆ ನಿಂತ ಮೇಲೂ ನೆಲದ ತೇವ ಮೇಲೆದ್ದು ಕಾರಿನ ಅಡಿಭಾಗಕ್ಕೆ ಹಿಡಿಯುತ್ತೆ. ಕಾಂಕ್ರೀಟ್ ಇಲ್ಲದಿದ್ದರೆ ಜಲ್ಲಿ ಹರಡಿ, ಅಥವಾ ನಾಲ್ಕು ಚಕ್ರದ ಕೆಳಗೂ ಚಪ್ಪಡಿ ಕಲ್ಲು ಹಾಕಿ. ನೀರು ನಿಲ್ಲದ ಹಾಗೆ ಒಂದು ಕಡೆಗೆ ಸ್ವಲ್ಪ ಇಳಿಜಾರು ಇರಲಿ.

ನೆರಳಿದೆ ಅಂತ ಮರದ ಕೆಳಗೆ ನಿಲ್ಲಿಸೋದು ತುಂಬಾ ಜನ ಮಾಡೋ ತಪ್ಪು. ಮಾವಿನ ಮರದ ಅಂಟು, ಹಕ್ಕಿ ಹಿಕ್ಕೆ ಎರಡೂ ಪೇಂಟ್ ತಿನ್ನುತ್ತವೆ. ಗಾಜಿನ ಕೆಳಗಿನ ಸಂದಿಯಲ್ಲಿ ಎಲೆ ಸೇರಿ ಕೊಳೆತರೆ ಅಲ್ಲಿಂದಲೇ ತುಕ್ಕು ಶುರು. ಹಿಕ್ಕೆ ಬಿದ್ದರೆ ಒಣಗಿದ್ದನ್ನು ಕೆರೆಯಬೇಡಿ, ಒದ್ದೆ ಬಟ್ಟೆ ಹಾಕಿ ನೆನೆಸಿ ಒರೆಸಿ. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ.

ಟಾರ್ಪಾಲು ಸುತ್ತೋದು ಬೇಡ

ಪ್ಲಾಸ್ಟಿಕ್ ಟಾರ್ಪಾಲನ್ನು ನೇರ ಕಾರಿನ ಮೇಲೆ ಹೊದಿಸಿದರೆ ಮೇಲಿನ ನೀರು ಒಳಗೆ ಬರಲ್ಲ ನಿಜ. ಆದರೆ ಒಳಗಿನ ಹಬೆಯೂ ಹೊರಗೆ ಹೋಗಲ್ಲ. ರಾತ್ರಿ ಅದು ಹನಿಯಾಗಿ ಬಾಡಿ ಮೇಲೇ ಕೂರುತ್ತೆ. ಬರಿ ಮಳೆಯಲ್ಲಿ ನಿಂತ ಕಾರಿಗಿಂತ ಹೀಗೆ ಸುತ್ತಿಟ್ಟ ಕಾರೇ ಬೇಗ ಹಾಳಾಗೋದುಂಟು.

ಗಾಳಿಯಾಡುವ ಬಟ್ಟೆಯ ಕಾರ್ ಕವರ್ ತಗೊಳ್ಳಿ, ಒಳಗಡೆ ಮೆತ್ತಗಿನ ಪದರ ಇರಲಿ. ಕಾರು ಒದ್ದೆ ಇದ್ದಾಗ ಅಥವಾ ಧೂಳು ಹಿಡಿದಿರುವಾಗ ಕವರ್ ಹಾಕಬೇಡಿ. ಗಾಳಿಗೆ ಕವರ್ ಅಲುಗಾಡಿದರೆ ಆ ಧೂಳೇ ಎಮರಿ ಪೇಪರ್ ಥರ ಪೇಂಟ್ ಉಜ್ಜುತ್ತೆ. ಹೊಟ್ಟೆ ಅಡಿಯಿಂದ ಬೆಲ್ಟ್ ಕಟ್ಟಿ ಬಿಗಿ ಮಾಡಿ. ಮಳೆ ಬಿಟ್ಟು ಬಿಸಿಲು ಬಂದ ದಿನ ಕವರ್ ತೆಗೆದು, ಬಾಗಿಲು, ಬಾನೆಟ್, ಡಿಕ್ಕಿ ಎಲ್ಲಾ ತೆರೆದು ಎರಡು ಗಂಟೆ ಗಾಳಿಗೆ ಬಿಡಿ.

ಇದಕ್ಕಿಂತ ಒಳ್ಳೇ ದಾರಿ ಅಂದರೆ ಚಪ್ಪರ. ನಾಲ್ಕು ಜಿಐ ಪೈಪ್ ನೆಟ್ಟು ಮೇಲೆ ತಗಡು ಹಾಕಿದರೂ ಸಾಕು. ಟಾರ್ಪಾಲೇ ಇರೋದಾದರೆ ಅದನ್ನೂ ಹೀಗೇ ಮೇಲೆ ಎತ್ತಿ ಕಟ್ಟಿ, ಕಾರಿಗೆ ತಾಗದಿರಲಿ. ಸುತ್ತ ಗಾಳಿ ಓಡಾಡಬೇಕು.

ತುಕ್ಕು ಹಿಡಿಯೋದು ಕಾಣದ ಕಡೆ

ಹೊರಗೆ ಪೇಂಟ್ ಹೊಳೀತಿದೆ ಅಂತ ನಂಬಬೇಡಿ. ಹಳೇ ಕಾರು ಮೊದಲು ಕೊಳೆಯೋದು ಈ ಜಾಗಗಳಲ್ಲಿ:

- ಒಳಗಿನ ಮ್ಯಾಟ್ ಕೆಳಗಿನ ಫ್ಲೋರ್
- ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ
- ಬಾಗಿಲುಗಳ ಕೆಳ ಅಂಚು
- ಚಕ್ರದ ಮೇಲಿನ ಮಡ್ಗಾರ್ಡ್ ಒಳಭಾಗ
- ಬ್ಯಾಟರಿ ಕೂರುವ ತಟ್ಟೆ

ಬಾಗಿಲ ಕೆಳ ಅಂಚಿನಲ್ಲಿ ನೀರು ಹೋಗೋಕೆ ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ. ಒಂದು ಪೈಸೆ ಖರ್ಚಿಲ್ಲದ ಈ ಕೆಲಸ ಬಾಗಿಲನ್ನು ವರ್ಷಗಟ್ಟಲೆ ಉಳಿಸುತ್ತೆ. ಮ್ಯಾಟ್ ಎತ್ತಿ ನೋಡಿ, ಒದ್ದೆ ಇದ್ದರೆ ಗಾಜಿನ ಬೀಡಿಂಗ್ ಒಡೆದಿರಬಹುದು. ಬೀಡಿಂಗ್ ಹೊಸದು ಹಾಕಿಸದೆ ಫ್ಲೋರಿಗೆ ಟಿಂಕರಿಂಗ್ ಮಾಡಿಸಿದರೆ ದುಡ್ಡು ದಂಡ.

ಸಣ್ಣ ತುಕ್ಕು ಕಂಡರೆ ಲೋಹ ಹೊಳೆಯುವ ತನಕ ಎಮರಿ ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಆಮೇಲೆ ಪೇಂಟ್ ಮಾಡಿ. ತುಕ್ಕಿನ ಮೇಲೇ ಕಪ್ಪು ಅಂಡರ್‌ಕೋಟಿಂಗ್ ಬಳಿಸಿದರೆ ತೇವ ಒಳಗೇ ಸಿಕ್ಕಿಕೊಂಡು ಇನ್ನೂ ಜೋರಾಗಿ ತಿನ್ನುತ್ತೆ. ಅಡಿಭಾಗಕ್ಕೆ ಡೀಸೆಲ್ ಹೊಡೆಸುವ ಅಭ್ಯಾಸವೂ ಒಳ್ಳೇದಲ್ಲ, ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ. ಪೇಂಟಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ವ್ಯಾಕ್ಸ್ ಪಾಲಿಶ್ ಸಾಕು.

ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ಬೇಡಿ

ಎಂಜಿನ್ ಪೂರ್ತಿ ಬಿಸಿ ಆಗೋ ಮೊದಲೇ ಆಫ್ ಮಾಡಿದರೆ ಸೈಲೆನ್ಸರ್‌ನಲ್ಲಿ ನೀರು ಉಳಿದು ಒಳಗಿಂದ ತುಕ್ಕು ಹಿಡಿಯುತ್ತೆ. 15 ದಿನಕ್ಕೊಮ್ಮೆ 20ರಿಂದ 30 ನಿಮಿಷ ರಸ್ತೆಯಲ್ಲಿ ಓಡಿಸಿ. ಬ್ರೇಕ್, ಗೇರು, ಟೈರು, ಬ್ಯಾಟರಿ ಎಲ್ಲಕ್ಕೂ ಅದೇ ಔಷಧಿ.

ತಿಂಗಳುಗಟ್ಟಲೆ ಓಡಿಸೋದಿಲ್ಲ ಅಂದರೆ ಬ್ಯಾಟರಿಯ ಅರ್ಥ್ ವೈರನ್ನು ಮೊದಲು ಬಿಚ್ಚಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಇಳಿದರೆ ಚಾರ್ಜ್ ಹಾಕಿಸಿ. ಹ್ಯಾಂಡ್ ಬ್ರೇಕ್ ಎಳೆದು ಬಿಡಬೇಡಿ, ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ.

ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತೆ. ಎಥನಾಲ್ ನೀರು ಎಳೆದುಕೊಳ್ಳುತ್ತೆ, ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತೆ. ಕಾರ್ಬುರೇಟರ್ ಗಾಡಿಯವರು ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿಕೊಳ್ಳಿ. ಪೈಪ್ ಸೋರಿದರೆ ಅದು ಬೆಂಕಿಯ ವಿಷಯ, ಮುಂದೂಡಬೇಡಿ.

ಟೈರಿನಲ್ಲಿ ಗಟ್ಟು ಇದೆ ಅಂತ ಸುಮ್ಮನಿರಬೇಡಿ. ಪಕ್ಕದಲ್ಲಿ ನಾಲ್ಕಂಕಿಯ ಕೋಡ್ ಇರುತ್ತೆ: 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಬಿಸಿಲಿಗೆ ಸಣ್ಣ ಸಣ್ಣ ಬಿರುಕು ಬಿಟ್ಟಿದ್ದರೆ ಆ ಟೈರಿನಲ್ಲಿ ದೂರ ಪ್ರಯಾಣ ಬೇಡ.

ಇನ್ನು ಇಲಿ. ನಿಂತ ಕಾರಿನ ಬಾನೆಟ್ ಒಳಗೆ ಗೂಡು ಕಟ್ಟಿ ವೈರ್ ಕಡಿಯುತ್ತೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಕಾರಿನಲ್ಲಿ ತಿಂಡಿ ಚೂರು, ಅಕ್ಕಿ, ಗೊಬ್ಬರದ ಚೀಲ ಇಡಬೇಡಿ.

ರಸ್ತೆ ಬದಿ ನಿಲ್ಲಿಸೋರಿಗೆ

ಅಂಗಡಿ ಮುಂದೆ, ಸಾರ್ವಜನಿಕ ರಸ್ತೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವವರು ಒಂದು ವಿಷಯ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 127ರ ಪ್ರಕಾರ, ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಹೆಚ್ಚು ಹೊತ್ತು ಯಾರೂ ನೋಡಿಕೊಳ್ಳದೆ ಬಿಟ್ಟ ವಾಹನವನ್ನು ಪೊಲೀಸರು ಎಳೆಸಿಕೊಂಡು ಹೋಗಬಹುದು. ಅದರ ಖರ್ಚು ಮಾಲೀಕರ ಮೇಲೇ. ಟೈರಲ್ಲಿ ಗಾಳಿ ಇಲ್ಲದೆ, ಧೂಳು ಹಿಡಿದು ನಿಂತ ಗಾಡಿ ಮೇಲೆ ದೂರು ಬರೋದೂ ಬೇಗ. ಪಕ್ಕದ ಅಂಗಡಿಯವರಿಗೆ ಲೋಡ್ ಇಳಿಸೋಕೆ ಜಾಗ ಬಿಟ್ಟು, ಫೋನ್ ನಂಬರ್ ಗಾಜಿನ ಒಳಗೆ ಬರೆದಿಟ್ಟರೆ ಅರ್ಧ ಜಗಳ ತಪ್ಪುತ್ತೆ.

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬಿಡುವಂತಿಲ್ಲ. 50 ವರ್ಷ ದಾಟಿದ, ಮೂಲ ರೂಪ ಹೆಚ್ಚು ಬದಲಾಗದ ಕಾರಿಗೆ 2021ರ ಕೇಂದ್ರ ನಿಯಮದಡಿ ವಿಂಟೇಜ್ ನೋಂದಣಿ ಮಾಡಿಸಬಹುದು. ಆ ನಿಯಮದಲ್ಲಿ ಹೊಸ ನೋಂದಣಿಗೆ ಶುಲ್ಕ ₹20,000, ಅವಧಿ 10 ವರ್ಷ. ಆದರೆ ಆ ನಂಬರಿನ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋಕೆ ಮಾತ್ರ. ಸಂತೆ, ಮದುವೆ ಮನೆಗೆ ಅಂತ ಓಡಾಡಿಸೋರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳೋದು ವಾಸಿ.

ಮುಂಗಾರು ಶುರುವಾಗೋದು ಜೂನ್‌ನಲ್ಲಿ. ಬಾಗಿಲ ತೂತು, ಬೀಡಿಂಗ್, ಫ್ಲೋರ್ ಈ ಮೂರನ್ನು ಮೇ ತಿಂಗಳಲ್ಲೇ ನೋಡಿ ಮುಗಿಸಿ. ಮಳೆ ಹಿಡಿದ ಮೇಲೆ ಪ್ರೈಮರ್ ಒಣಗಲ್ಲ, ಟಿಂಕರಿಂಗ್ ಶೆಡ್ಡಿನಲ್ಲಿ ಜಾಗವೂ ಸಿಗಲ್ಲ.