ಬ್ಯಾಂಕಿನ ಅಂಗಳದ ಬಿಳಿ ಗೆರೆ ನಡೆದು ಬಂದ ದಾರಿ

ಬ್ಯಾಂಕಿನ ಮುಂದಿನ ಪಾರ್ಕಿಂಗ್ ಗೆರೆಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಿಮೆಂಟ್ ಅಂಗಳದ ಮೇಲೆ ನಾಲ್ಕು ಮಾಸಿದ ಪಟ್ಟೆ, ಅವುಗಳ ಮೇಲೆಯೇ ಅಡ್ಡಾದಿಡ್ಡಿ ನಿಂತ ಹತ್ತಾರು ಬೈಕು. ಆದರೆ ಪಿಂಚಣಿ ತೆಗೆದುಕೊಳ್ಳಲು ಕೋಲೂರಿಕೊಂಡು ಬಂದ ಅಜ್ಜನಿಗೆ, ಮೂರು ಗಾಲಿಯ ಸೈಕಲ್ಲಿನಲ್ಲಿ ಬಂದ ವಿಕಲಚೇತನ ಹೆಣ್ಣುಮಗಳಿಗೆ ಬ್ಯಾಂಕು ಶುರುವಾಗುವುದು ಕೌಂಟರಿನಲ್ಲಿ ಅಲ್ಲ, ಈ ಅಂಗಳದಲ್ಲಿ. ಅಲ್ಲಿ ದಾರಿ ಸಿಗದಿದ್ದರೆ ಒಳಗಿನ ಸೇವೆ ಎಷ್ಟು ಚೆನ್ನಾಗಿದ್ದೂ ಅವರಿಗೆ ಪ್ರಯೋಜನವಿಲ್ಲ.

ಈ ಗೆರೆಗಳನ್ನು ಮೊದಲು ಎಳೆದವರು ಯಾರು, ಯಾಕೆ ಎಳೆದರು ಎಂದು ನೋಡಹೊರಟರೆ ನಾವು ಅಮೆರಿಕದವರೆಗೆ ಹೋಗಬೇಕಾಗುತ್ತದೆ.

ಹಾಲಿನ ಗಾಡಿಯ ಕಥೆ

1911ರಲ್ಲಿ ಮಿಶಿಗನ್ ರಾಜ್ಯದ ವೇಯ್ನ್ ಕೌಂಟಿಯ ರಸ್ತೆ ಮಂಡಳಿ ಟ್ರೆಂಟನ್ ಎಂಬಲ್ಲಿನ ರಿವರ್ ರೋಡಿನ ನಡುವೆ ಬಿಳಿ ಗೆರೆ ಎಳೆಸಿತು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ. ಕಾರಿನ ಊರು ಡೆಟ್ರಾಯಿಟ್ ಇರುವುದು ಇದೇ ಕೌಂಟಿಯಲ್ಲಿ. ಗೆರೆಯ ಯೋಚನೆ ಮಂಡಳಿಯ ಸದಸ್ಯ ಎಡ್ವರ್ಡ್ ಹೈನ್ಸ್ ಅವರದು. ಸೋರುತ್ತಿದ್ದ ಹಾಲಿನ ಗಾಡಿಯೊಂದು ರಸ್ತೆಯುದ್ದಕ್ಕೂ ಬಿಟ್ಟು ಹೋದ ಬಿಳಿ ಜಾಡು ನೋಡಿ ಅವರಿಗೆ ಇದು ಹೊಳೆಯಿತು ಎಂಬ ಕಥೆ ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಎದುರುಬದುರು ಬರುವ ಗಾಡಿಗಳು ಡಿಕ್ಕಿಯಾಗದಂತೆ ತಡೆಯುವುದಷ್ಟೇ ಆ ಗೆರೆಯ ಕೆಲಸವಾಗಿತ್ತು.

ನಿಲ್ಲಿಸಿದ ಗಾಡಿಗೆ ಗೆರೆ ಬೇಕಾದದ್ದು ಇನ್ನೊಂದು ಜಗಳದಿಂದ. ಒಕ್ಲಹೋಮ ಸಿಟಿಯಲ್ಲಿ ಅಂಗಡಿ, ಕಚೇರಿಗಳ ನೌಕರರು ಬೆಳಿಗ್ಗೆ ಕಾರು ತಂದು ಬೀದಿಯಲ್ಲಿ ನಿಲ್ಲಿಸಿದರೆ ಸಂಜೆಯವರೆಗೂ ಕದಲುತ್ತಿರಲಿಲ್ಲ. ಗಿರಾಕಿಗಳಿಗೆ ಜಾಗ ಸಿಗದೆ ವ್ಯಾಪಾರಿಗಳು ಗೊಣಗುತ್ತಿದ್ದರು. ಅದಕ್ಕೆ ಪರಿಹಾರ ಹುಡುಕಿದವರು ಕಾರ್ಲ್ ಮ್ಯಾಗಿ. ನಮ್ಮಂಥವರಿಗೆ ಖುಷಿ ಕೊಡುವ ಸಂಗತಿಯೆಂದರೆ ಅವರು ಪತ್ರಕರ್ತರು, ಪತ್ರಿಕೆ ನಡೆಸುತ್ತಿದ್ದವರು. 1935ರ ಜುಲೈ 16ರಂದು ಅಲ್ಲಿ ಮೊದಲ ಪಾರ್ಕಿಂಗ್ ಮೀಟರ್ ಬಂತು. 5 ಸೆಂಟ್ ನಾಣ್ಯ ಹಾಕಿದರೆ ಒಂದು ಗಂಟೆ. 20 ಅಡಿಗೊಂದು ಮೀಟರ್, ಪ್ರತಿ ಮೀಟರಿನ ಜಾಗಕ್ಕೂ ನೆಲದ ಮೇಲೆ ಬಣ್ಣದ ಗೆರೆ. ಮೊದಲು ಬಂದವನು ಇಡೀ ಬೀದಿಯನ್ನು ಹಿಡಿದಿಟ್ಟುಕೊಳ್ಳಬಾರದು, ಎಲ್ಲರಿಗೂ ಒಂದೊಂದು ಪಾಲು ಎಂಬುದು ಆ ಗೆರೆಯ ಅರ್ಥ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಜನ ಊರಾಚೆಯ ಹೊಸ ಬಡಾವಣೆಗಳಿಗೆ ಹೋದರು. ಬ್ಯಾಂಕುಗಳೂ ಅವರ ಹಿಂದೆಯೇ ಹೋದವು. 1946ರಲ್ಲಿ ಶಿಕಾಗೋದ ಎಕ್ಸ್‌ಚೇಂಜ್ ನ್ಯಾಷನಲ್ ಬ್ಯಾಂಕ್, ಕಾರಿನಿಂದ ಇಳಿಯದೆಯೇ ವ್ಯವಹಾರ ಮುಗಿಸುವ ಕಿಟಕಿಗಳನ್ನು ತೆರೆಯಿತು. ಕಾರು ನಿಲ್ಲಿಸಲು ಜಾಗವಿಲ್ಲದ ಶಾಖೆಗೆ ಗಿರಾಕಿ ಇಲ್ಲ ಎನ್ನುವ ಕಾಲ ಬಂದಿತ್ತು. ಅಂಗಳವೂ ಬ್ಯಾಂಕಿನ ಕಟ್ಟಡದ ಭಾಗವೇ ಆಯಿತು.

ತೆವಳಿ ಪಡೆದ 5 ಅಡಿ

ಆದರೆ ಆ ಗೆರೆಗಳೆಲ್ಲ ಎರಡು ಕಾಲಿನ ಮೇಲೆ ಇಳಿದು ನಡೆಯುವವರ ಅಳತೆಯವು. ಗಾಲಿಕುರ್ಚಿಯವರ ಲೆಕ್ಕ ಅವುಗಳಲ್ಲಿ ಇರಲಿಲ್ಲ.

ನೀಲಿ ಬಣ್ಣದ ಗಾಲಿಕುರ್ಚಿಯ ಚಿಹ್ನೆಯನ್ನು ನೀವು ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ನೋಡಿರುತ್ತೀರಿ. ಅದನ್ನು 1968ರಲ್ಲಿ ಬರೆದವರು ಡೆನ್ಮಾರ್ಕಿನ ವಿದ್ಯಾರ್ಥಿನಿ ಸೂಸನ್ ಕೋಫೋಡ್. ಅವರು ಬರೆದದ್ದು ಖಾಲಿ ಕುರ್ಚಿ. ಮರುವರ್ಷ ಕಾರ್ಲ್ ಮಾಂಟನ್ ಎಂಬುವರು ಅದಕ್ಕೆ ಒಂದು ತಲೆ ಸೇರಿಸಿದರು. ಆಗ ಕುರ್ಚಿಯಲ್ಲಿ ಮನುಷ್ಯ ಕಂಡ.

ಚಿಹ್ನೆ ಬಂದಷ್ಟು ಬೇಗ ಕಾನೂನು ಬರಲಿಲ್ಲ. 1990ರ ಮಾರ್ಚ್ 12ರಂದು ವಾಷಿಂಗ್ಟನ್ನಿನಲ್ಲಿ ಹತ್ತಾರು ವಿಕಲಚೇತನರು ಗಾಲಿಕುರ್ಚಿ, ಊರುಗೋಲು ಬದಿಗಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರು. ಅವರಲ್ಲಿ 8 ವರ್ಷದ ಹುಡುಗಿಯೊಬ್ಬಳೂ ಇದ್ದಳು. ಆ ವರ್ಷ ಜುಲೈ 26ರಂದು ವಿಕಲಚೇತನರ ಹಕ್ಕಿನ ಕಾಯ್ದೆಗೆ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದರು. ಯಾವ ಯಾವ ಸ್ಥಳಗಳಿಗೆ ಕಾಯ್ದೆ ಅನ್ವಯಿಸುತ್ತದೆ ಎಂಬ ಪಟ್ಟಿಯಲ್ಲಿ ಕ್ಷೌರದಂಗಡಿ, ಔಷಧಿ ಅಂಗಡಿಗಳ ಜೊತೆ ಬ್ಯಾಂಕಿನ ಹೆಸರೂ ಇದೆ.

ಅಲ್ಲಿಂದ ಗೆರೆಯ ಅಳತೆಯೇ ಬದಲಾಯಿತು. 25 ಕಾರುಗಳವರೆಗಿನ ಅಂಗಳದಲ್ಲಿ ಕನಿಷ್ಠ ಒಂದು ಜಾಗ, 26ರಿಂದ 50ರವರೆಗೆ ಎರಡು ಜಾಗ ವಿಕಲಚೇತನರಿಗೆ. ಕಾರಿಗೆ 8 ಅಡಿ ಅಗಲ, ಅದರ ಪಕ್ಕದಲ್ಲಿ 5 ಅಡಿಯ ಖಾಲಿ ಪಟ್ಟಿ. ಆ ಪಟ್ಟಿಯ ತುಂಬ ಓರೆ ಗೆರೆ ಎಳೆದಿರುತ್ತಾರೆ. ಗೊತ್ತಿಲ್ಲದವರಿಗೆ ಅದು ದಂಡದ ಜಾಗ. ಆದರೆ ಕಾರಿನ ಬಾಗಿಲು ಪೂರ್ತಿ ತೆರೆದು, ಗಾಲಿಕುರ್ಚಿ ಇಳಿಸಿ, ಅದರಲ್ಲಿ ಕೂತು ತಿರುಗಲು ಬೇಕಾದದ್ದು ಆ 5 ಅಡಿ. ಅಲ್ಲಿ ಒಂದು ಬೈಕು ನಿಂತರೂ ಕಾರಿನಲ್ಲಿದ್ದವರು ಕಾರಿನಲ್ಲೇ ಉಳಿಯಬೇಕು.

ಬಳಿದರೆ ಸಾಲದು

ಬಣ್ಣದ ಗೆರೆಗೆ ಆಯುಷ್ಯ ಕಡಿಮೆ. ಬಿಸಿಲು, ಮಳೆ, ತಿರುಗುವ ಚಕ್ರ, ಸೋರಿದ ಎಣ್ಣೆ ಎಲ್ಲ ಸೇರಿ ಅದನ್ನು ತಿನ್ನುತ್ತವೆ. ಹಾಗಾಗಿ ಅಲ್ಲಿನ ನಿಯಮ ಎರಡು ಮಾತು ಹೇಳುತ್ತದೆ. ಒಮ್ಮೆ ಮಾಡಿಕೊಟ್ಟ ಅನುಕೂಲವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು. ಅಂಗಳಕ್ಕೆ ಹೊಸದಾಗಿ ಗೆರೆ ಎಳೆಯುವಾಗ ವಿಕಲಚೇತನರ ಜಾಗವನ್ನು ಈಗಿನ ಅಳತೆಯಂತೆ ಬಿಡಲೇಬೇಕು. ಹಳೆಯ ಗೆರೆಯ ಮೇಲೆ ಸುಮ್ಮನೆ ಬಣ್ಣ ತೀಡಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಕೆಲಸದಲ್ಲಿ ಒಂದು ಕ್ರಮವಿದೆ. ಮೊದಲು ಕಾಗದದ ಮೇಲೆ ನಕ್ಷೆ. ನಕ್ಷೆಯಲ್ಲಿ ಮೊದಲು ಬಾಗಿಲು, ಇಳಿಜಾರು, ಅವುಗಳಿಗೆ ಹತ್ತಿರದ ವಿಕಲಚೇತನರ ಜಾಗ. ಉಳಿದ ಗಾಡಿಗಳು ಆಮೇಲೆ. ನೆಲ ಗುಡಿಸಿ, ಎಣ್ಣೆ ಕಲೆ ತೊಳೆದು, ಪೂರ್ತಿ ಒಣಗಲು ಬಿಡಬೇಕು. ನಮ್ಮ ಬಡಗಿಗಳು ಬಣ್ಣ ಹಚ್ಚಿದ ದಾರ ಮಿಡಿದು ಗುರುತು ಹಾಕುವ ಹಾಗೆಯೇ ಅಲ್ಲೂ ಸೀಮೆಸುಣ್ಣದ ದಾರ ಮಿಡಿದು ಗುರುತು ಮಾಡುತ್ತಾರೆ. ಜಾಗ ಬದಲಾದರೆ ಹಳೆಯ ಗೆರೆಯನ್ನು ಅಳಿಸಬೇಕು. ಎರಡು ಗೆರೆ ಕಂಡರೆ ಜನ ಎರಡನ್ನೂ ಲೆಕ್ಕಕ್ಕಿಡುವುದಿಲ್ಲ.

ನಮ್ಮ ಅಂಗಳ

ನಮ್ಮ ಕರಾವಳಿಯಲ್ಲಿ ಬ್ಯಾಂಕಿಂಗ್ ಬೆಳೆದದ್ದು ಇದಕ್ಕೆ ತಿರುಗಾಮುರುಗಾ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಯೋಜನೆ ಶುರುಮಾಡಿತು. ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಉಳಿತಾಯವನ್ನೂ ಸಂಗ್ರಹಿಸುತ್ತಿದ್ದರು. ಬ್ಯಾಂಕೇ ಬಾಗಿಲಿಗೆ ಬರುವಾಗ ಪಾರ್ಕಿಂಗ್ ಯಾರಿಗೆ ಬೇಕು? 1969ರ ರಾಷ್ಟ್ರೀಕರಣದ ನಂತರ ಹಳ್ಳಿಗಳಲ್ಲಿ ಶಾಖೆಗಳು ಹೆಚ್ಚಿದವು, ಆಮೇಲೆ ಬೈಕುಗಳು ಹೆಚ್ಚಿದವು. ಅಂಗಳ ಮಾತ್ರ ಅಷ್ಟೇ ಉಳಿಯಿತು.

ಕಾನೂನು ನಮ್ಮಲ್ಲೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ನಿಯಮಗಳು ಪ್ರಕಟವಾದ 5 ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರೂ ಬಳಸುವಂತೆ ಮಾಡಬೇಕು ಎನ್ನುತ್ತದೆ ಅದು. ಜನ ಬಳಸುವ ಖಾಸಗಿ ಕಟ್ಟಡವೂ ಅದರಲ್ಲಿ ಸೇರುತ್ತದೆ. ಕೇಂದ್ರದ 2016ರ ಮಾದರಿ ಕಟ್ಟಡ ಉಪವಿಧಿಯ ಪ್ರಕಾರ, ಬಾಗಿಲಿನಿಂದ 30 ಮೀಟರಿನೊಳಗೆ ಎರಡು ಕಾರುಗಳ ಜಾಗ ಇರಬೇಕು, ಪ್ರತಿಯೊಂದೂ ಕನಿಷ್ಠ 3.6 ಮೀಟರ್ ಅಗಲ.

70 ದಾಟಿದವರಿಗೆ, ವಿಕಲಚೇತನರಿಗೆ ಮನೆಬಾಗಿಲಿನಲ್ಲೇ ಮೂಲಭೂತ ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಒಳ್ಳೆಯದೇ. ಆದರೆ ತನ್ನ ದುಡ್ಡನ್ನು ತಾನೇ ಹೋಗಿ ಎಣಿಸಿಕೊಂಡು ಬರಬೇಕು ಎನ್ನುವ ಅಜ್ಜಿಯ ಆಸೆಗೂ ಬೆಲೆಯಿದೆ.

ನಮ್ಮ ಹಳ್ಳಿ ಶಾಖೆಗಳಿಗೆ ಬರುವ ಹೆಚ್ಚಿನ ವಿಕಲಚೇತನರು ಕಾರಿನಲ್ಲಿ ಬರುವುದಿಲ್ಲ. ಮೂರು ಗಾಲಿಯ ಸೈಕಲ್ಲು, ಪಕ್ಕದಲ್ಲಿ ಚಕ್ರ ಕಟ್ಟಿದ ಸ್ಕೂಟರು, ಇಲ್ಲವೇ ಮಗನ ಬೈಕಿನ ಹಿಂದೆ. ಅದಕ್ಕೇ ನಮಗೆ ತುರ್ತಾಗಿ ಬೇಕಾದ ಗೆರೆ ಇಳಿಜಾರಿನ ಬಾಯಲ್ಲಿ ಎಳೆದ ಓರೆ ಗೆರೆಯ ಪಟ್ಟಿ, ಅದರ ಪಕ್ಕ ಒಂದು ಮೂರು ಗಾಲಿ ನಿಲ್ಲುವಷ್ಟು ಜಾಗ. ಒಂದು ಡಬ್ಬಿ ಬಣ್ಣ, ಒಂದು ದಾರ, ಒಂದು ಭಾನುವಾರದ ಕೆಲಸ. ಪ್ರತಿ ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಬಳಿಯಬೇಕು.

ನಿಮ್ಮೂರಿನ ಶಾಖೆಯ ಇಳಿಜಾರಿನ ಮುಂದೆ ಇಂಥ ಗೆರೆ ಇದೆಯೇ ನೋಡಿ. ಇಲ್ಲದಿದ್ದರೆ ಮ್ಯಾನೇಜರಿಗೆ ಕನ್ನಡದಲ್ಲೇ ಒಂದು ಅರ್ಜಿ ಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಇದ್ದರೆ, ಎರಡೇ ನಿಮಿಷದ ಕೆಲಸ ಎಂದು ಅದರ ಮೇಲೆ ಬೈಕು ನಿಲ್ಲಿಸಬೇಡಿ.