ಮತದಾನದ ದಿನ ಬಂದ ಬೆಳಕು

2009ರ ಏಪ್ರಿಲ್ 23, ಗುರುವಾರ. ಲೋಕಸಭಾ ಚುನಾವಣೆ, ನನ್ನ ಮೊದಲ ಮತ. ಮತಗಟ್ಟೆ ನಮ್ಮ ಶಾಲೆಯ ಎಂಟನೇ ತರಗತಿಯ ಕೋಣೆಯಲ್ಲೇ ಇತ್ತು. ಊಟದ ಹೊತ್ತಿಗೆ ಜನ ಕಡಿಮೆ ಇರುತ್ತಾರೆಂದು ಅಮ್ಮ ಹೇಳಿದ್ದರಿಂದ ಒಂದು ಗಂಟೆ ದಾಟಿದ ಮೇಲೆ ಹೋದೆ. ಸಾಲೇನೂ ಕಡಿಮೆ ಇರಲಿಲ್ಲ. ಅಂದು 1 ಗಂಟೆ 25 ನಿಮಿಷಕ್ಕೆ, ಸ್ವಿಫ್ಟ್ ಎಂಬ ನಾಸಾ ಉಪಗ್ರಹ ಸಿಂಹ ರಾಶಿಯ ದಿಕ್ಕಿನಿಂದ ಬಂದ ಗಾಮಾ ಕಿರಣಗಳ ಸಿಡಿತವೊಂದನ್ನು ಹಿಡಿದಿತ್ತು. ನನಗದು ತಿಳಿದದ್ದು ವರ್ಷಗಳ ನಂತರ. ಸಂಚಿಕೆಗೆ ಏನಾದರೂ ಇತಿಹಾಸ ಬರೆದುಕೊಡು ಎಂದು ಮೇಷ್ಟ್ರು ಕೇಳಿದಾಗ ನೆನಪಾದದ್ದು ಇದೇ.

ಈ ಸಿಡಿತಗಳ ಕಥೆ ಶುರುವಾದದ್ದು ಶೀತಲ ಸಮರದಲ್ಲಿ. ಯಾರಾದರೂ ಗುಟ್ಟಾಗಿ ಅಣುಬಾಂಬ್ ಪರೀಕ್ಷಿಸುತ್ತಾರೆಯೇ ಎಂದು ಕಾಯಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು 1967ರಲ್ಲಿ ಬಾಂಬಿನದಲ್ಲದ ಮಿಂಚೊಂದನ್ನು ದಾಖಲಿಸಿದವು. ಇಂಥ ಮಿಂಚುಗಳ ಸುದ್ದಿ ಪ್ರಕಟವಾದದ್ದು 1973ರಲ್ಲಿ, ನಮ್ಮ ಶಾಲೆ ಆರಂಭವಾಗುವ ಹಿಂದಿನ ವರ್ಷ. ಅವು ಹತ್ತಿರದವೋ ದೂರದವೋ ಎಂಬ ಜಗಳ 1997ರವರೆಗೆ ನಡೆಯಿತು. ಸಿಡಿತ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಎಲ್ಲಿಂದ ಬಂತೆಂದು ಗುರುತಿಸುವುದು ಕಷ್ಟ. ಆದರೆ ಸಾಯುವ ನಕ್ಷತ್ರ ಚಿಮ್ಮಿಸಿದ ದ್ರವ್ಯ ಸುತ್ತಲಿನ ಅನಿಲಕ್ಕೆ ಬಡಿದು, ಒಲೆ ಆರಿದ ಮೇಲೂ ಉಳಿವ ಕೆಂಡದ ಹಾಗೆ ಕೆಲಕಾಲ ಹೊಳೆಯುತ್ತದೆ. 1997ರ ಫೆಬ್ರವರಿಯಲ್ಲಿ ಬೆಪ್ಪೋಸ್ಯಾಕ್ಸ್ ಉಪಗ್ರಹದ ಸುಳಿವು ಹಿಡಿದು ಈ ಕೆಂಡವನ್ನು ಮೊದಲು ಕಂಡರು. ಅದೇ ಮೇ ತಿಂಗಳಲ್ಲಿ ಬಂದ ಮತ್ತೊಂದು ಸಿಡಿತದ ದೂರ ಅಳೆದಾಗ ಜಗಳ ಮುಗಿಯಿತು.

2009ರ ಸಿಡಿತ ಸುಮಾರು ಹತ್ತು ಸೆಕೆಂಡಿನದು. ಎಚ್ಚರಿಕೆಯ ಸಂದೇಶ ತಾನಾಗಿಯೇ ಭೂಮಿಯ ವೀಕ್ಷಣಾಲಯಗಳಿಗೆ ಹೋಯಿತು. ಸ್ವಿಫ್ಟ್‌ನ ಎಕ್ಸ್‌ರೇ ದೂರದರ್ಶಕಕ್ಕೆ ಕೆಂಡ ಕಂಡಿತು. ಕಣ್ಣಿಗೆ ಕಾಣುವ ಬೆಳಕನ್ನು ನೋಡುವ ದೂರದರ್ಶಕಕ್ಕೆ ಏನೂ ಕಾಣಲಿಲ್ಲ. ಹವಾಯಿಯಲ್ಲಿ ಆಗ ರಾತ್ರಿ. ಮೌನಾ ಕಿಯಾ ಶಿಖರದ 3.8 ಮೀಟರ್ ಕನ್ನಡಿಯ ಬ್ರಿಟಿಷ್ ದೂರದರ್ಶಕ ಸುಮಾರು 20 ನಿಮಿಷದೊಳಗೆ ಅತ್ತ ತಿರುಗಿತು. ಅವಕೆಂಪಿನಲ್ಲಿ ಚುಕ್ಕೆಯೊಂದು ಇತ್ತು!

ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನ ಮೇಷ್ಟ್ರು ಟಿವಿ ರಿಮೋಟನ್ನು ತಮ್ಮ ಹೊಸ ಮೊಬೈಲಿನ ಕ್ಯಾಮೆರಾ ಮುಂದೆ ಒತ್ತಿ, ಕಣ್ಣಿಗೆ ಕಾಣದ್ದು ಪರದೆಯಲ್ಲಿ ಮಿನುಗುವುದನ್ನು ತೋರಿಸಿದ್ದರು. ಅದೇ ಬಗೆಯ ಬೆಳಕು ಇದು.

ಕಣ್ಣಿಗೆ ಕಾಣದಿರಲು ಅಡ್ಡಬಂದ ಧೂಳೂ ಕಾರಣವಿರಬಹುದಿತ್ತು. ಪಕ್ಕದ ಜೆಮಿನಿ ದೂರದರ್ಶಕ ಬೇರೆ ಬೇರೆ ಸೋಸುಗಾಜುಗಳಲ್ಲಿ ನೋಡಿತು: ಉದ್ದನೆಯ ತರಂಗಗಳಲ್ಲಿ ಚುಕ್ಕೆ ಸ್ಪಷ್ಟ, ಸ್ವಲ್ಪ ಗಿಡ್ಡವಾದರೆ ಮಾಯ. ಧೂಳಾದರೆ ಬೆಳಕು ಮೆಲ್ಲಗೆ ಮಂಕಾಗಬೇಕು, ಹೀಗೆ ಕತ್ತರಿಸಿದಂತೆ ನಿಲ್ಲುವುದಿಲ್ಲ. 0.1216 ಮೈಕ್ರಾನಿಗಿಂತ ಗಿಡ್ಡ ತರಂಗಗಳನ್ನು ಆದಿಕಾಲದ ಹೈಡ್ರೋಜನ್ ನುಂಗಿಬಿಟ್ಟಿತ್ತು. ವಿಶ್ವ ಹಿಗ್ಗುತ್ತಾ ಆ ಗಡಿಯನ್ನು 9.2 ಪಟ್ಟು ಎಳೆದು 1.12 ಮೈಕ್ರಾನಿಗೆ ತಂದಿತ್ತು. ನಮ್ಮ ಕಣ್ಣು 0.7ರ ಆಸುಪಾಸಿನಲ್ಲೇ ಸೋಲುತ್ತದೆ. ಲಾ ಪಾಲ್ಮಾ ದ್ವೀಪ ಮತ್ತು ಚಿಲಿಯ ದೂರದರ್ಶಕಗಳು ರೋಹಿತ ತೆಗೆದು ಇದನ್ನು ಖಚಿತಪಡಿಸಿದವು. ವಿಶ್ವಕ್ಕೆ ಸುಮಾರು 63 ಕೋಟಿ ವರ್ಷ ವಯಸ್ಸಾಗಿದ್ದಾಗ ಸತ್ತ ನಕ್ಷತ್ರವದು. ಅದರ ಬೆಳಕು 1,300 ಕೋಟಿ ವರ್ಷ ನಡೆದು ಬಂದಿತ್ತು. ಇನ್ನು ಕೆಲವು ದಿನ ತಡವಾಗಿದ್ದರೆ ರೋಹಿತ ತೆಗೆಯುವಷ್ಟು ಬೆಳಕೇ ಉಳಿಯುತ್ತಿರಲಿಲ್ಲ.

ಲಡಾಖಿನ ಹಾನ್ಲೆಯಲ್ಲಿ ನಮ್ಮ ದೇಶದ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವೂ ಇಂಥ ಕೆಂಡಗಳನ್ನು ಹುಡುಕುತ್ತದೆ. ಅದನ್ನು ನಡೆಸುವುದು ಹೊಸಕೋಟೆಯ ಶಿಡ್ಲಘಟ್ಟ ರಸ್ತೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಿಂದ. ಬಿ.ಇ. ಓದುವಾಗ ನಾಲ್ಕು ವರ್ಷ ಬಸ್ಸಿನ ಕಿಟಕಿಯಿಂದ ಆ ಫಲಕ ನೋಡಿದ್ದೆ. ಯಾವುದೋ ಕೃಷಿ ಇಲಾಖೆಯ ಕಚೇರಿ ಎಂದುಕೊಂಡಿದ್ದೆ.