ಮಂಥರೆಯ ಮುಖ: ಲಲಿತಾ ಪವಾರರ ನೆನಪು

ಚಲನಚಿತ್ರದಲ್ಲಾಗಲಿ ರಂಗಭೂಮಿಯಲ್ಲಾಗಲಿ ನಾಯಕ ನಾಯಿಕೆಯರ ಚರಿತ್ರೆಯನ್ನು ಬರೆಯುವವರಿಗೆ ಕೊರತೆಯಿಲ್ಲ. ಅವರ ಹುಟ್ಟು, ಏಳಿಗೆ, ಬೀಳುಗಳೆಲ್ಲವೂ ಎಲ್ಲಾದರೊಂದು ಕಡೆ ದಾಖಲಾಗುತ್ತವೆ. ಆದರೆ ನಾಯಕನಿಗೆ ತಾಯಾಗಿ, ನಾಯಿಕೆಗೆ ಅತ್ತೆಯಾಗಿ, ಕಥೆಗೆ ತಿರುವು ಕೊಡುವ ದಾಸಿಯಾಗಿ ಬಂದು, ತಮ್ಮ ಪಾಲಿನ ಕೆಲಸವನ್ನು ಮುಗಿಸಿ ಮರೆಗೆ ಸರಿಯುವ ಪೋಷಕ ನಟರ ಚರಿತ್ರೆ ಉಳಿಯುವುದು ಬಹುಮಟ್ಟಿಗೆ ಪ್ರೇಕ್ಷಕರ ನೆನಪಿನಲ್ಲಿ. ಅಂಥ ಒಬ್ಬ ಹಿರಿಯ ಕಲಾವಿದೆಯನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಆಕೆಯ ಹೆಸರು ಲಲಿತಾ ಪವಾರ್. ಹೆಸರು ಹೇಳಿದರೆ ತಿಳಿಯದವರಿಗೆ, ದೂರದರ್ಶನದ ರಾಮಾಯಣದ ಮಂಥರೆ ಎಂದರೆ ಒಡನೆಯೇ ತಿಳಿದೀತು.

ರಾಮಾನಂದ ಸಾಗರರ 'ರಾಮಾಯಣ' ಧಾರಾವಾಹಿ ೧೯೮೭ನೆಯ ಇಸವಿ ಜನವರಿ ೨೫ರಂದು ಪ್ರಾರಂಭವಾಗಿ ೧೯೮೮ರ ಜುಲೈ ೩೧ರವರೆಗೆ ಭಾನುವಾರದ ಬೆಳಗುಗಳನ್ನು ತನ್ನದಾಗಿಸಿಕೊಂಡಿತ್ತು. ಅಂದಿನ ಬೀದಿಗಳ ನಿರ್ಜನತೆಯನ್ನು ಕಂಡವರು ಈಗಲೂ ಬಹಳ ಮಂದಿ ಇದ್ದಾರೆ. ನಮ್ಮ ಬೀದಿಯಲ್ಲಿ ದೂರದರ್ಶನದ ಪೆಟ್ಟಿಗೆಯಿದ್ದದ್ದು ಎರಡೇ ಮನೆಗಳಲ್ಲಿ. ಸ್ನಾನ ಮುಗಿಸಿ, ಹಣೆಗೆ ಕುಂಕುಮವಿಟ್ಟು, ದೇವಸ್ಥಾನಕ್ಕೆ ಹೊರಟವರ ಹಾಗೆ ಹೆಂಗಸರೂ ಮಕ್ಕಳೂ ಬಂದು ಚಾಪೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಅವರಲ್ಲಿ ಹಿಂದಿ ಬಲ್ಲವರು ವಿರಳ. ಆದರೆ ಕಥೆ ತಿಳಿಯದವರು ಒಬ್ಬರೂ ಇರಲಿಲ್ಲ. ರಾಮ ಸೀತೆಯರು ತೆರೆಯ ಮೇಲೆ ಬಂದಾಗ ಕೈಮುಗಿಯುತ್ತಿದ್ದ ಅದೇ ಹೆಂಗಸರು, ಬೆನ್ನು ಬಾಗಿದ ಮುದುಕಿಯೊಬ್ಬಳು ಕತ್ತನ್ನು ಓರೆ ಮಾಡಿ, ಎಡಗಣ್ಣನ್ನು ಕಿರಿದಾಗಿಸಿ ಕೈಕೇಯಿಯ ಕಿವಿಯ ಬಳಿಗೆ ಬಂದಾಗ ಹಲ್ಲು ಕಡಿಯುತ್ತಿದ್ದರು. "ಬಂದಳಲ್ಲ ಮನೆಮುರುಕಿ!" ಎಂದು ಅಜ್ಜಿಯೊಬ್ಬರು ಗಟ್ಟಿಯಾಗಿಯೇ ಬೈದದ್ದು ನನಗೆ ನೆನಪಿದೆ. ನಟಿಯೊಬ್ಬಳಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೊಂದಿಲ್ಲವೆಂಬುದು ಅಂದು ನಮಗಾರಿಗೂ ಹೊಳೆದಿರಲಿಲ್ಲ.

ಆಗ ಆಕೆಗೆ ಎಪ್ಪತ್ತು ವರ್ಷ. ಅವುಗಳಲ್ಲಿ ಸುಮಾರು ಅರವತ್ತು ವರ್ಷಗಳು ಕ್ಯಾಮೆರಾದ ಮುಂದೆಯೇ ಕಳೆದಿದ್ದವು. ನಾಸಿಕ ಜಿಲ್ಲೆಯ ಯೇವಲೆಯಲ್ಲಿ ೧೯೧೬ರ ಏಪ್ರಿಲ್ ೧೮ರಂದು ಹುಟ್ಟಿದ ಈಕೆಯ ಮೊದಲ ಹೆಸರು ಅಂಬಿಕಾ. ಯೇವಲೆ ರೇಷ್ಮೆ ನೇಯ್ಗೆಗೆ, ಪೈಠಣಿ ಸೀರೆಗಳಿಗೆ ಹೆಸರಾದ ಊರು. ತಂದೆ ಬಟ್ಟೆಯ ವ್ಯಾಪಾರಸ್ಥರು. ಇನ್ನೂ ಬಾಲೆಯಾಗಿದ್ದಾಗಲೇ ೧೯೨೮ರಲ್ಲಿ 'ರಾಜಾ ಹರಿಶ್ಚಂದ್ರ' ಎಂಬ ಮೂಕಿ ಚಿತ್ರದಲ್ಲಿ ಆಕೆ ಅಭಿನಯಿಸಿದ್ದಳು. ಮುಂದೆ ೧೯೩೨ರಲ್ಲಿ 'ಕೈಲಾಸ್' ಎಂಬ ಮೂಕಿಯ ನಿರ್ಮಾಣದಲ್ಲಿ ಪಾಲುಗೊಂಡು, ೧೯೩೭ರಲ್ಲಿ 'ದುನಿಯಾ ಕ್ಯಾ ಹೈ' ಎಂಬ ಮಾತಿನ ಚಿತ್ರವನ್ನೂ ನಿರ್ಮಿಸಿದಳು. ಕುಲೀನ ಮನೆತನದ ಹೆಣ್ಣುಮಕ್ಕಳು ಚಿತ್ರರಂಗಕ್ಕೆ ಕಾಲಿಡಲು ಅಂಜುತ್ತಿದ್ದ ಕಾಲವದು. ಆ ಕಾಲದಲ್ಲಿ ಆಕೆ ನಾಯಿಕೆ; ಹಾಡುವ, ಕುಣಿಯುವ, ಸಾಹಸಕ್ಕೂ ಹಿಂಜರಿಯದ ನಾಯಿಕೆ.

ಈ ಬಾಳಿನ ದಿಕ್ಕನ್ನು ಬದಲಿಸಿದ್ದು ಒಂದೇ ಒಂದು ಏಟು. ೧೯೪೨ರಲ್ಲಿ 'ಜಂಗ್-ಎ-ಆಜಾದಿ' ಎಂಬ ಚಿತ್ರದ ಚಿತ್ರೀಕರಣ ನಡೆಯುತ್ತಿತ್ತು. ಸಹನಟ ಭಗವಾನ್ ದಾದಾ ಆಕೆಯ ಕೆನ್ನೆಗೆ ಹೊಡೆಯಬೇಕಾದ ದೃಶ್ಯ. ಅಭಿನಯದ ಏಟು ನಿಜವಾದ ಏಟಾಗಿ ಬಿತ್ತು. ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ತಗಲಿತು. ಎಡಗಣ್ಣಿನ ನರ ಘಾಸಿಗೊಂಡಿತು. ವರ್ಷಗಟ್ಟಲೆ ಚಿಕಿತ್ಸೆ ನಡೆದರೂ ಎಡಗಣ್ಣು ಮೊದಲಿನಂತಾಗಲಿಲ್ಲ, ಕಿರಿದಾಗಿಯೇ ಉಳಿಯಿತು. ಮುಖವೇ ಬಂಡವಾಳವಾಗಿರುವ ಉದ್ಯಮದಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ನಾಯಿಕೆಯೊಬ್ಬಳಿಗೆ ಇದು ಮುಕ್ತಾಯವೇ ಸರಿ. ಇನ್ನೊಬ್ಬರಾಗಿದ್ದರೆ ಮನೆಯ ಬಾಗಿಲು ಹಾಕಿಕೊಂಡು ಕುಳಿತುಬಿಡುತ್ತಿದ್ದರೇನೋ. ಆಕೆ ಮಾತ್ರ ನಾಯಿಕೆಯ ಪಟ್ಟವನ್ನು ಬಿಟ್ಟುಕೊಟ್ಟು, ಪೋಷಕ ಪಾತ್ರಗಳ ಅಂಗಳಕ್ಕೆ ಇಳಿದಳು. ಮುಂದಿನ ಅರ್ಧ ಶತಮಾನ ಆ ಅಂಗಳದಲ್ಲಿ ಆಕೆಗೆ ಸರಿಸಾಟಿಯಾಗಿ ನಿಂತವರು ತೀರ ಕಡಮೆ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಕಣ್ಣು ಕಿರಿದಾದ ಮೇಲೆ ಆಕೆಗೆ ಒದಗಿದ ಪಾತ್ರಗಳಾದರೂ ಎಂಥವು? ಕಾಡುವ ಅತ್ತೆ, ಚುಚ್ಚುವ ಸೋದರತ್ತೆ, ಮನೆಯೊಡೆಯುವ ಮಲತಾಯಿ. ಅಂಗದಲ್ಲಿ ಊನವಿದ್ದರೆ ಮನಸ್ಸಿನಲ್ಲೂ ಊನವಿರಬೇಕೆಂಬ ನಂಬಿಕೆ ನಮ್ಮ ಜನಪದ ಕಥೆಗಳಿಗೆ ಹಳೆಯದು. ಚಿತ್ರರಂಗ ಅದನ್ನು ಪ್ರಶ್ನಿಸದೆ ಸ್ವೀಕರಿಸಿತ್ತು. ವಿಧಿ ಕೊಟ್ಟ ಗಾಯವನ್ನು ಉದ್ಯಮ ಒಂದು ಮುದ್ರೆಯನ್ನಾಗಿ ಮಾಡಿತು. ಲಲಿತಾ ಪವಾರರ ಹಿರಿಮೆಯಿರುವುದು ಆ ಮುದ್ರೆಯನ್ನು ಹೊತ್ತುಕೊಂಡೇ ಅದರ ಅರ್ಥವನ್ನು ಮತ್ತೆ ಮತ್ತೆ ಬದಲಿಸಿದ್ದರಲ್ಲಿ.

೧೯೫೦ರ 'ದಹೇಜ್' ಚಿತ್ರದಲ್ಲಿ ವರದಕ್ಷಿಣೆಗಾಗಿ ಸೊಸೆಯನ್ನು ಪೀಡಿಸುವ ಅತ್ತೆಯಾಗಿ ಆಕೆ ಹೇಸಿಗೆ ಹುಟ್ಟಿಸಿದ್ದು ನಿಜ. ಬಿಮಲ್ ರಾಯ್ ಅವರ 'ಸುಜಾತಾ'ದಲ್ಲಿ ಅಸ್ಪೃಶ್ಯ ಕುಲದಲ್ಲಿ ಹುಟ್ಟಿದ ಹುಡುಗಿಯನ್ನು ಸಹಿಸಲಾರದ ಹಿರಿಯಳಾಗಿ ಜಾತಿಯ ಕ್ರೌರ್ಯಕ್ಕೆ ಮುಖ ಕೊಟ್ಟದ್ದೂ ನಿಜ. ಆದರೆ ೧೯೫೫ರ 'ಶ್ರೀ ೪೨೦'ರಲ್ಲಿ ಬರಿಗೈಯಲ್ಲಿ ಮುಂಬಯಿಗೆ ಬಂದ ತರುಣನನ್ನು ಗದರಿಸುತ್ತಲೇ ಮಗನಂತೆ ಕಾಣುವ ಬಾಳೆಹಣ್ಣಿನ ಗಂಗಾಮಾಯಿಯೂ ಆಕೆಯೇ. ೧೯೫೯ರ 'ಅನಾಡಿ'ಯಲ್ಲಿ ಬಾಡಿಗೆಗಾಗಿ ಜಗಳವಾಡುತ್ತ, ಬಾಡಿಗೆದಾರ ಹಸಿದಿದ್ದರೆ ಒಳಗೊಳಗೇ ಕರಗುವ ಮಿಸೆಸ್ ಡಿಸಾ ಎಂಬ ಕ್ರೈಸ್ತ ಮನೆಯೊಡತಿಯೂ ಆಕೆಯೇ. ಕೆಟ್ಟ ಔಷಧಕ್ಕೆ ಬಲಿಯಾಗಿ ಆ ಮುದುಕಿ ಸಾಯುವಾಗ ಕಣ್ಣೊರೆಸಿಕೊಳ್ಳದ ಪ್ರೇಕ್ಷಕರಿರಲಿಲ್ಲವೆಂದೇ ಹೇಳಬೇಕು. ಆ ಪಾತ್ರಕ್ಕೆ ಆಕೆಗೆ ಫಿಲ್ಮ್‌ಫೇರ್ ಪ್ರಶಸ್ತಿ ಸಂದಿತು. ಮುಂದೆ 'ಆನಂದ್' ಚಿತ್ರದಲ್ಲಿ ಕಟ್ಟುನಿಟ್ಟಿನ ಮೇಟ್ರನ್ ಆಗಿ ಬಂದು, ಸಾವಿನ ದವಡೆಯಲ್ಲಿ ನಿಂತು ನಗುವ ರೋಗಿಯ ಮುಂದೆ ಸೋತು ತಾಯಾಗುತ್ತಾಳೆ. ಕ್ರೌರ್ಯಕ್ಕೆ ಬಳಸಿದ ಅದೇ ಕಿರಿಗಣ್ಣು ಇಲ್ಲಿ ಕಂಬನಿ ತಡೆಹಿಡಿದವಳ ಕಣ್ಣಾಗಿ ಕಾಣುತ್ತದೆ. ಬದಲಾದದ್ದು ಕಣ್ಣಲ್ಲ, ಅದರ ಹಿಂದಿನ ಭಾವ.

ಆಕೆಯ ಪಾತ್ರಗಳಲ್ಲಿ ಎರಡನ್ನು ಜೊತೆಗಿಟ್ಟು ನೋಡುವುದು ನನಗೆ ಪ್ರಿಯವಾದ ಕೆಲಸ. ೧೯೪೪ರಲ್ಲಿ ಪ್ರಭಾತ್ ಸಂಸ್ಥೆಯ 'ರಾಮಶಾಸ್ತ್ರೀ' ಚಿತ್ರದಲ್ಲಿ ಆಕೆ ಪೇಶವೆ ಮನೆತನದ ಆನಂದೀಬಾಯಿಯಾಗಿದ್ದಳು. ೧೭೭೩ರಲ್ಲಿ ನಾರಾಯಣರಾವ್ ಪೇಶವೆಯ ಕೊಲೆಯಾದಾಗ, 'ಹಿಡಿಯಿರಿ' ಎಂಬರ್ಥದ 'ಧರಾವೇ' ಎಂಬ ಆಜ್ಞೆಯ ಮೊದಲಕ್ಷರವನ್ನು ತಿದ್ದಿ, 'ಕೊಲ್ಲಿರಿ' ಎಂಬರ್ಥದ 'ಮಾರಾವೇ' ಎಂದು ಮಾಡಿದವಳು ಆನಂದೀಬಾಯಿಯೆಂದು ಮಹಾರಾಷ್ಟ್ರದಲ್ಲಿ ಪ್ರತೀತಿ. ಒಂದು ಅಕ್ಷರದಿಂದ ಒಂದು ರಾಜ್ಯದ ಗತಿಯನ್ನು ಬದಲಿಸಿದವಳು ಅವಳು. ಒಂದು ಕಿವಿಮಾತಿನಿಂದ ಅಯೋಧ್ಯೆಯ ಗತಿಯನ್ನು ಬದಲಿಸಿದವಳು ಮಂಥರೆ. ಇಬ್ಬರ ನಡುವೆ ನಾಲ್ಕು ದಶಕಗಳಿಗೂ ಮಿಕ್ಕ ಅಂತರವಿದೆ. ಎರಡಕ್ಕೂ ಒದಗಿದ ಮುಖ ಒಂದೇ.

ವಾಲ್ಮೀಕಿಯ ಮಂಥರೆ ಕೈಕೇಯಿಯ ತವರಿನಿಂದ ಬಂದ ಕುಬ್ಜೆ. ಉಪ್ಪರಿಗೆಯನ್ನೇರಿ ಶೃಂಗಾರಗೊಂಡ ನಗರವನ್ನು ಕಂಡು ಉರಿದೇಳುತ್ತಾಳೆ. ರಾಮನಿಗೆ ಪಟ್ಟವೆಂಬ ಸುದ್ದಿಗೆ ಹಿಗ್ಗಿ ಕೈಕೇಯಿ ಕೊಟ್ಟ ಒಡವೆಯನ್ನು ಎಸೆದುಬಿಡುತ್ತಾಳೆ. ಗಮನಿಸಬೇಕಾದದ್ದು ಇದು: ಅವಳಿಗೆ ಒಡವೆ ಬೇಡ, ರಾಜ್ಯವೂ ಬೇಡ, ತಾನು ಸಾಕಿದವಳ ಮಗನಿಗೆ ಅನ್ಯಾಯವಾಗಬಾರದು, ಅಷ್ಟೆ. ಈ ಎಳೆಯನ್ನು ಹಿಡಿದು ನಮ್ಮ ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ಮಂಥರೆಯನ್ನು ಮಮತೆಯ ಸುಳಿಗೆ ಸಿಕ್ಕಿದ ಜೀವವಾಗಿ ಕಂಡರು, ಲೋಕವೆಲ್ಲ ಹೇಸಿದವಳ ಒಳಗಿನ ನೋವಿಗೆ ಕಿವಿಗೊಟ್ಟರು. ಸಾಗರರ ಧಾರಾವಾಹಿಗೆ ಅಂಥ ದರ್ಶನದ ಹಂಬಲವಿರಲಿಲ್ಲ; ಅದು ಸಂಪ್ರದಾಯದ ಹಾದಿಯಲ್ಲೇ ನಡೆಯಿತು. ಆದರೂ ಪದ್ಮಾ ಖನ್ನಾ ಅವರ ಕೈಕೇಯಿಯ ಎದುರು ಲಲಿತಾ ಪವಾರರ ಮಂಥರೆ ನಿಂತಾಗ, ಬರೆದ ಮಾತಿನಲ್ಲಿ ಇಲ್ಲದ ಒಂದು ಅಂಶ ಆ ಮುಖದಲ್ಲಿತ್ತೆಂದು ನನ್ನ ಅನಿಸಿಕೆ. ಕೈಕೇಯಿಯನ್ನು ನೋಡುವ ಆ ನೋಟದಲ್ಲಿ ಕುತಂತ್ರದಷ್ಟೇ ಕಳವಳವೂ ಇತ್ತು. ಮಗಳ ಮನೆ ಹಾಳಾಗುತ್ತದೆಂದು ಹೆದರಿದ ಮುದುಕಿಯ ಕಳವಳ. ಏಟು ತಿಂದ ಮುಖವೇ ಏಟು ತಿಂದವಳ ಕಥೆಯನ್ನು ಹೇಳಬಲ್ಲದು ಎಂದರೆ ಅತಿಶಯೋಕ್ತಿಯಾಗಲಾರದು.

ಲಲಿತಾ ಪವಾರ್ ೧೯೯೮ರ ಫೆಬ್ರವರಿ ೨೪ರಂದು ಪುಣೆಯಲ್ಲಿ ತೀರಿಕೊಂಡರು. ಮುಂದೆ ೨೦೨೦ರ ಮಾರ್ಚ್ ತಿಂಗಳಿನಲ್ಲಿ ಮಹಾಮಾರಿಯಿಂದಾಗಿ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ ದೂರದರ್ಶನ ಆ ಹಳೆಯ ರಾಮಾಯಣವನ್ನು ಮತ್ತೆ ಪ್ರಸಾರ ಮಾಡಿತು. ಅಂದು ಚಾಪೆಯ ಮೇಲೆ ಕುಳಿತಿದ್ದ ಮಕ್ಕಳು ಈಗ ತಾವೇ ಮಕ್ಕಳೊಂದಿಗರಾಗಿದ್ದರು. ಮಂಥರೆ ತೆರೆಯ ಮೇಲೆ ಬಂದಾಗ ಈ ಸಲ ನಮ್ಮ ಮನೆಯಲ್ಲಿ ಬೈಗುಳ ಕೇಳಲಿಲ್ಲ. "ಎಂಥ ನಟಿ ನೋಡು! ಕಣ್ಣಿಗೆ ಏಟು ಬಿದ್ದ ಮೇಲೂ ಬಿಡಲಿಲ್ಲ" ಎಂದು ಹಿರಿಯರು ಕಿರಿಯರಿಗೆ ಹೇಳಿದರು. ಪರಿಚಯದ ಹಲವರು ಇದೇ ಮಾತನ್ನಾಡಿದರು. ಒಬ್ಬರಿಗೆ ಗಂಗಾಮಾಯಿಯ ನೆನಪು, ಇನ್ನೊಬ್ಬರಿಗೆ ಮಿಸೆಸ್ ಡಿಸಾಳದು. ಎಪ್ಪತ್ತು ದಾಟಿದ ನಮ್ಮ ಸೋದರಮಾವನವರಿಗೆ 'ಪ್ರೊಫೆಸರ್' ಚಿತ್ರದಲ್ಲಿ ಮುದುಕನ ವೇಷದ ತರುಣನಿಗೆ ಮನಸೋಲುವ ಬಿಗುಮಾನದ ಹೆಂಗಸಿನ ನೆನಪು. ಆ ಪ್ರಸಂಗವನ್ನು ಅಭಿನಯಿಸಿ ತೋರಿಸಿ ಮನೆಮಂದಿಯನ್ನೆಲ್ಲ ನಗಿಸಿದರು.

ನಾಯಕನನ್ನು ಪ್ರೇಕ್ಷಕ ಕೂಡಲೇ ಪ್ರೀತಿಸುತ್ತಾನೆ, ಬಹುಬೇಗ ಬದಲಿಸಿಯೂ ಬಿಡುತ್ತಾನೆ. ಪೋಷಕ ನಟಿಯನ್ನು ಮೊದಲು ದ್ವೇಷಿಸುತ್ತಾನೆ, ಆಮೇಲೆ ಒಪ್ಪಿಕೊಳ್ಳುತ್ತಾನೆ, ಕೊನೆಗೆ ಮನೆಯ ಹಿರಿಯಳೊಬ್ಬಳನ್ನು ನೆನೆಯುವಂತೆ ನೆನೆಯುತ್ತಾನೆ. ಈ ಕೊನೆಯ ಪ್ರೀತಿ ನಿಧಾನವಾಗಿ ಬರುವಂಥದು, ಬಂದರೆ ಹೋಗದಂಥದು. ಮಂಥರೆಯಿಲ್ಲದಿದ್ದರೆ ವನವಾಸವಿಲ್ಲ, ವನವಾಸವಿಲ್ಲದಿದ್ದರೆ ರಾಮಾಯಣವೇ ಇಲ್ಲ. ಹಾಗೆಯೇ ತಮ್ಮ ಪಾಲಿಗೆ ಬಂದ ಲೋಕದ ಬೈಗುಳವನ್ನು ಮೈಮೇಲೆ ಹಾಕಿಕೊಂಡು, ಕಥೆಯನ್ನು ಮುಂದಕ್ಕೆ ಸಾಗಿಸಿದ ಇಂಥ ಕಲಾವಿದರಿಲ್ಲದಿದ್ದರೆ ನಾಯಕರ ಚರಿತ್ರೆಯೂ ಇಲ್ಲ. ಆ ಋಣವನ್ನು ತೀರಿಸಲು ಪ್ರೇಕ್ಷಕರಾದ ನಮ್ಮಲ್ಲಿ ಇರುವುದು ನೆನಪೊಂದೇ. ಅದನ್ನಾದರೂ ಧಾರಾಳವಾಗಿ ಸಲ್ಲಿಸೋಣ.